ಪರದೇಶದಲ್ಲಿ ನೆಲೆಸಿದವರ ದೋಣಿಗೂ ಬಾವುಟ ಬೇಕು

ಗೆ: ನೋಂದಣಾಧಿಕಾರಿಗಳು, ಯುಕೆ ಶಿಪ್ ರಿಜಿಸ್ಟರ್, ಕಾರ್ಡಿಫ್
ಇಂದ: ಬ್ರಿಟನ್ನಿನ ಹೊರಗೆ ವಾಸವಿರುವ ಬ್ರಿಟಿಷ್ ದೋಣಿ ಮಾಲೀಕರು
ವಿಷಯ: ಸಣ್ಣ ಹಡಗುಗಳ ನೋಂದಣಿಗಿರುವ ವಾಸದ ಷರತ್ತನ್ನು ಸಡಿಲಿಸುವ ಬಗ್ಗೆ

ಮಾನ್ಯರೇ,

ವೆಲೆನ್ಸಿಯಾದ ಬಂದರಿನಲ್ಲಿ ಒಂಬತ್ತು ಮೀಟರಿನ ಹಾಯಿದೋಣಿ ಕಟ್ಟಿಕೊಂಡು ಬದುಕುವ ನಿವೃತ್ತ ದಂಪತಿಯೊಂದನ್ನು ಊಹಿಸಿಕೊಳ್ಳಬಹುದು. ಇಬ್ಬರ ಪಾಸ್‌ಪೋರ್ಟೂ ಬ್ರಿಟನ್ನಿನದೇ, ದೋಣಿ ಕೊಂಡದ್ದೂ ಅಲ್ಲೇ. ಆದರೂ ಸಣ್ಣ ಹಡಗುಗಳ ನೋಂದಣಿ, ಅಂದರೆ ಎಸ್‌ಎಸ್‌ಆರ್, ಅವರಿಗೆ ಸಿಗುವುದಿಲ್ಲ. ಹನ್ನೆರಡು ತಿಂಗಳಲ್ಲಿ 185 ದಿನ ಅವರು ಬ್ರಿಟನ್ನಿನಲ್ಲಿ ಇರುವುದಿಲ್ಲ ಎಂಬುದೇ ಕಾರಣ.

ರಿಜಿಸ್ಟರಿನ ಮೂರನೇ ಭಾಗವಾದ ಈ ಎಸ್‌ಎಸ್‌ಆರ್‌ಗೆ 1983ರ ಕಾಯ್ದೆಯೇ ಮೂಲ. 24 ಮೀಟರಿಗಿಂತ ಚಿಕ್ಕದಾದ ಖಾಸಗಿ ದೋಣಿಗೆ ಸರ್ವೆಯಿಲ್ಲದೆ, ಕಡಿಮೆ ಶುಲ್ಕದಲ್ಲಿ, ಐದು ವರ್ಷದ ಪತ್ರ ಸಿಗುತ್ತದೆ. ಅದು ಒಡೆತನಕ್ಕೆ ಪುರಾವೆಯಲ್ಲ, ಅದರ ಮೇಲೆ ಅಡಮಾನ ದಾಖಲಿಸುವಂತಿಲ್ಲ. ಅದರ ಮುಖ್ಯ ಉಪಯೋಗವೆಂದರೆ ಪರದೇಶದ ಬಂದರಿನಲ್ಲಿ ದೋಣಿಯ ರಾಷ್ಟ್ರೀಯತೆಯನ್ನು ತೋರಿಸುವುದು. ಹೊರಗೆ ಹೋಗುವವರಿಗೆಂದು ಇರುವ ಪತ್ರವನ್ನು ಹೊರಗೇ ಉಳಿದವರಿಗೆ ಕೊಡುವುದಿಲ್ಲವೆಂದರೆ ಏನನ್ನಬೇಕು!

ವಿಚಿತ್ರ ಇಲ್ಲಿಗೇ ಮುಗಿಯುವುದಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೂ ಬ್ರಿಟನ್ನಿನಲ್ಲಿ ವಾಸವಿದ್ದರೆ ಎಸ್‌ಎಸ್‌ಆರ್‌ಗೆ ಅರ್ಹರು. ಮೈಸೂರಿನಿಂದ ಹೋಗಿ ಸೌತಾಂಪ್ಟನ್ನಿನಲ್ಲಿ ನೌಕರಿ ಹಿಡಿದ ಎಂಜಿನಿಯರೊಬ್ಬರು ಭಾರತದ ಪಾಸ್‌ಪೋರ್ಟಿನಲ್ಲೇ ತಮ್ಮ ದೋಣಿಗೆ ಬ್ರಿಟಿಷ್ ಬಾವುಟ ಏರಿಸಬಹುದು. ಅದೇ ಎಂಜಿನಿಯರು ಮುಂದೆ ಬ್ರಿಟಿಷ್ ಪೌರತ್ವ ಪಡೆದು, ನಿವೃತ್ತರಾಗಿ ಲಿಸ್ಬನ್ನಿಗೆ ಹೋಗಿ ನೆಲೆಸಿದರೆ ಅರ್ಹತೆ ಹೋಯಿತು! ಭಾರತೀಯರಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ಮನವಿದಾರರು ಕೇಳುತ್ತಿಲ್ಲ. ಪೌರತ್ವಕ್ಕೂ ಅಷ್ಟೇ ಬೆಲೆ ಇರಲಿ ಎನ್ನುತ್ತಾರೆ.

ಒಂದನೇ ಭಾಗದ ಬಾಗಿಲು ತೆರೆದೇ ಇದೆಯಲ್ಲ ಎಂಬ ಉತ್ತರ ಬರುವುದು ಖಂಡಿತ. ನಿಜ, ಬ್ರಿಟಿಷ್ ಪ್ರಜೆ ಎಲ್ಲಿದ್ದರೂ ಬ್ರಿಟನ್ನಿನಲ್ಲಿ ಒಬ್ಬ ಪ್ರತಿನಿಧಿಯನ್ನು ನೇಮಿಸಿ ಅಲ್ಲಿ ನೋಂದಾಯಿಸಬಹುದು. ಆದರೆ ಅದು ದೊಡ್ಡ ಹಡಗಿನ ಮಡಿ. ಒಡೆತನದ ಕಾಗದಗಳನ್ನು ಒದಗಿಸಬೇಕು, ಸರ್ವೇಯರನ್ನು ಕರೆಸಿ ಟನ್ನೇಜ್ ಅಳೆಸಬೇಕು, ಅಧಿಕೃತ ಸಂಖ್ಯೆಯನ್ನು ದೋಣಿಯ ತೊಲೆಯಲ್ಲೇ ಕೆತ್ತಿಸಬೇಕು. ಫಲಕದಲ್ಲಿ ಕೊರೆಸಿ ಸ್ಕ್ರೂ ಹಾಕುವುದಾದರೆ, ಯಾರೂ ಬಿಚ್ಚದಂತೆ ಸ್ಕ್ರೂವಿನ ತಲೆಯ ಗೀರನ್ನೇ ಅಳಿಸಿಬಿಡಬೇಕು. ಸಾಲ ಎತ್ತಿ ಕೊಂಡ ದೊಡ್ಡ ಯಾಟಿಗೆ ಇದೆಲ್ಲ ಸರಿ. ಮೀನಿಗೆ ಗಾಳ ಹಾಕಲು ಹೋಗುವ ಐದು ಮೀಟರಿನ ದೋಣಿಗೂ ಇದೇ ಶಾಸ್ತ್ರವೇ?

ತೆರಿಗೆ ತಪ್ಪಿಸಲು ಬಾವುಟ ಬೇಕಾಗಿದೆ ಎಂಬ ಅನುಮಾನಕ್ಕೂ ಹುರುಳಿಲ್ಲ. ಎಂಟು ಮೀಟರಿಗಿಂತ ಉದ್ದದ ದೋಣಿಯನ್ನು ತನ್ನ ನೀರಿನಲ್ಲಿ ಬಳಸುವ ನಿವಾಸಿಗಳ ಮೇಲೆ ಸ್ಪೇನ್ ಶೇ 12ರ ತೆರಿಗೆ ಹಾಕುತ್ತದೆ. ಅದು ನೋಡುವುದು ಮಾಲೀಕರು ಎಲ್ಲಿ ವಾಸವಿದ್ದಾರೆ ಎಂಬುದನ್ನು, ದೋಣಿಯ ಬಾವುಟವನ್ನಲ್ಲ. ಇತ್ತ ಬಾವುಟವೇ ಇಲ್ಲದಿದ್ದರೆ ತೊಂದರೆ ನೇರವಾದದ್ದು: 1982ರ ಸಮುದ್ರ ಕಾನೂನು ಒಪ್ಪಂದದ 110ನೇ ವಿಧಿಯಂತೆ, ರಾಷ್ಟ್ರೀಯತೆ ಇಲ್ಲವೆಂದು ಶಂಕೆ ಬಂದ ನೌಕೆಯನ್ನು ತೆರೆದ ಸಮುದ್ರದಲ್ಲಿ ಯಾವ ದೇಶದ ಯುದ್ಧನೌಕೆಯೂ ತಡೆದು ತಪಾಸಿಸಬಹುದು.

ಆದ್ದರಿಂದ ಮನವಿದಾರರು ಕೇಳುವುದು ಇಷ್ಟು. ಒಂದನೇ ಭಾಗದಲ್ಲಿರುವ ಪ್ರತಿನಿಧಿಯ ವ್ಯವಸ್ಥೆಯನ್ನೇ ಎಸ್‌ಎಸ್‌ಆರ್‌ಗೂ ತಂದು, ಬ್ರಿಟನ್ನಿನಲ್ಲಿ ನೋಟಿಸ್ ಸ್ವೀಕರಿಸುವ ವಿಳಾಸ ಕೊಟ್ಟ ಪ್ರಜೆಗಳಿಗೆ 185 ದಿನದ ಷರತ್ತನ್ನು ಕೈಬಿಡಬೇಕು. ವಾಸದ ಷರತ್ತು ಇರುವುದು 1993ರ ನೋಂದಣಿ ನಿಯಮಾವಳಿಯಲ್ಲಿ. ಇದಕ್ಕಾಗಿ ಹೊಸ ಕಾಯ್ದೆ ಬೇಕಿಲ್ಲ, ನಿಯಮಕ್ಕೆ ತಿದ್ದುಪಡಿ ತಂದರೆ ಸಾಕು. ಹಾಗಾಗಿ ಈ ಶಿಫಾರಸನ್ನು ತಾವು ಸಾರಿಗೆ ಸಚಿವರಿಗೆ ಕಳುಹಿಸಬೇಕು.

ತಿದ್ದುಪಡಿ ಆಗುವವರೆಗೆ, ಪತ್ರ ಪಡೆದ ಮೇಲೆ ಮನೆ ಬದಲಿಸಿದವರ ನೋಂದಣಿಯನ್ನು ನಡುವೆ ರದ್ದು ಮಾಡದೆ ಅದರ ಐದು ವರ್ಷ ಮುಗಿಯುವ ತನಕ ನಡೆಯಲು ಬಿಡಬೇಕು. ಈ ಮನವಿ ಒಪ್ಪಿಗೆಯಾಗದಿದ್ದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದೂ ಮನವಿದಾರರು ಕೋರುತ್ತಾರೆ.

ತಮ್ಮ ವಿಶ್ವಾಸಿಗಳು,
ಮನವಿದಾರರು