ಕನಸಿಗೂ ಡೈರೆಕ್ಟರ್ ಬೇಕಾ?

ನಮ್ಮ ಹಾಸ್ಟೆಲಲ್ಲಿ ಈಗ ಹೊಸ ಹುಚ್ಚು: ಲೂಸಿಡ್ ಡ್ರೀಮ್. ಅಂದ್ರೆ 'ಇದು ಕನಸು' ಅಂತ ಕನಸಿನೊಳಗೇ ಗೊತ್ತಾಗೋದು, ಕೈಲಾದ್ರೆ ಕಥೆಯನ್ನ ನಮಗೆ ಬೇಕಾದ ಕಡೆ ತಿರುಗಿಸೋದು. ಪವನ್ ಕುಮಾರ್ ಅವರ 'ಲೂಸಿಯಾ'ದಲ್ಲಿ (2013) ಇದಕ್ಕೆ ಒಂದು ಮಾತ್ರೆ ಸಾಕಿತ್ತು. ನಮ್ಮ ಹುಡುಗರು ಬೆಳಗಿನ ಜಾವಕ್ಕೆ ಅಲಾರಂ ಇಟ್ಟು, ಎದ್ದು ಕೂತು, 'ಮುಂದಿನ ಕನಸಲ್ಲಿ ನನಗೆ ಗೊತ್ತಾಗ್ಬೇಕು' ಅಂತ ಜಪ ಮಾಡಿ ಮತ್ತೆ ಮಲಗ್ತಾರೆ. ಆ ಅಲಾರಂಗೆ ನಿಜವಾಗಿ ಏಳೋದು ರೂಮ್‌ಮೇಟು.

ವಿಷಯ ಬುರುಡೆ ಅಲ್ಲ. ಕನಸು ದಟ್ಟವಾಗಿ ಬೀಳುವ ರೆಮ್ ನಿದ್ದೆಯಲ್ಲಿ ಕೈಕಾಲು ಸ್ತಬ್ಧ, ಕಣ್ಣುಗುಡ್ಡೆ ಮಾತ್ರ ಓಡಾಡುತ್ತೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಬಳಸಿಕೊಂಡರು: ನಿದ್ದೆಯಲ್ಲಿದ್ದವನು ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿ 'ನನಗೆ ಗೊತ್ತು' ಅಂತ ತಿಳಿಸಿದ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ಕನಸಲ್ಲಿದ್ದವರಿಗೆ ಎಂಟರಲ್ಲಿ ಆರು ಕಳೆದ್ರೆ ಎಷ್ಟು ಅಂತ ಕೇಳಿ, ಕಣ್ಣಿನಿಂದಲೇ 'ಎರಡು' ಅನ್ನೋ ಉತ್ತರ ಪಡೆದಿದ್ದಾರೆ. ಕನಸಲ್ಲೂ ವೈವಾ!

ಆದರೆ ಮಜಾದ ಲೆಕ್ಕಕ್ಕೆ ಬಂದರೆ ನನ್ನ ವೋಟು ಮಾಮೂಲಿ ಕನಸಿಗೇ. ಲೂಸಿಡ್ ಆದವರನ್ನ ಕೇಳಿ, ಮುಕ್ಕಾಲು ಪಾಲು ಜನ ಹಾರಿದೆ ಅಂತಾರೆ. ಹಾರೋದು ಚೆನ್ನಾಗೇ ಇರುತ್ತೆ, ಬೇಡ ಅನ್ನಲ್ಲ. ಆದರೆ ಜಾಸ್ತಿ ಖುಷಿಪಟ್ಟರೆ ಎಚ್ಚರ ಆಗ್ಬಿಡುತ್ತಂತೆ. ಹಾರುವಾಗಲೂ ಡ್ಯೂಟಿ ಮೇಲಿದ್ದ ಹಾಗೆ. ಮಾಮೂಲಿ ಕನಸಲ್ಲಿ ಮೆಸ್ಸಿನ ಬಾಗಿಲು ತೆಗೆದ್ರೆ ಊರ ಕೆರೆ, ಕೆರೆ ಏರಿ ಮೇಲೆ ನಮ್ಮ ಎಚ್‌ಒಡಿ ಎಮ್ಮೆ ಹೊಡ್ಕೊಂಡು ಬರ್ತಿರ್ತಾರೆ, ನಾವು ನಮಸ್ಕಾರ ಸರ್ ಅಂತೀವಿ. ಒಂಚೂರೂ ವಿಚಿತ್ರ ಅನ್ಸಲ್ಲ. ಎಚ್ಚರವಾಗಿ ಕೂತು ಇಂಥದ್ದೊಂದು ಸೀನ್ ಬರೆಯೋಕೆ ನನ್ನ ಕೈಲಂತೂ ಆಗಲ್ಲ.

ಅಜ್ಜಿ ತೀರಿಕೊಂಡು ಎರಡು ವರ್ಷ. ಹೋದ ಸೆಮಿಸ್ಟರಲ್ಲಿ ಕನಸಿಗೆ ಬಂದು, ಕ್ಷೇಮ ಸಮಾಚಾರ ಏನೂ ಕೇಳದೆ, "ಹಿತ್ತಲ ಬಾಗಿಲು ಹಾಕಿದ್ಯೇನೋ? ದನ ನುಗ್ತವೆ" ಅಂತ ಗದರಿದ್ಲು. ನಾನು ಓಡಿದೆ. ಲೂಸಿಡ್ ಆಗಿದ್ರೆ ಅವಳನ್ನ ಕೂರಿಸಿಕೊಂಡು ಮಾತಾಡಬಹುದಿತ್ತಲ್ಲೋ ಅಂತಾನೆ ಗೆಳೆಯ. ಹೌದು, ಆದ್ರೆ ಇದು ಕನಸು ಅಂತ ಗೊತ್ತಾದ ಗಳಿಗೆಯಲ್ಲೇ ಅಜ್ಜಿ ಇಲ್ಲ ಅನ್ನೋದೂ ಗೊತ್ತಾಗುತ್ತೆ. ಆಮೇಲೆ ಅವಳು ಏನು ಮಾತಾಡಿದ್ರೂ ನಾನೇ ಮಾತಾಡಿಸಿದ ಹಾಗೆ. ಗೊತ್ತಿಲ್ಲದ ಆ ಎರಡು ನಿಮಿಷ ಅವಳು ಇದ್ಲು, ಬೈತಿದ್ಲು.

ಕೆಟ್ಟ ಕನಸು ಪದೇ ಪದೇ ಕಾಡೋರ ಮಾತು ಬೇರೆ. 'ಇದು ಕನಸು' ಅಂತ ಗೊತ್ತಾಗೋದೇ ಅವರಿಗೆ ಧೈರ್ಯ ಕೊಡಬಹುದು, ಅವರು ಕಲೀಲಿ. ಉಳಿದ ನಮಗೆ ಕೊರತೆ ಇರೋದು ನಿದ್ದೆಗೇ. ರೆಮ್ ನಿದ್ದೆಯ ದೊಡ್ಡ ಪಾಲು ಬರೋದು ನಿದ್ದೆಯ ಕೊನೆ ಭಾಗದಲ್ಲಿ. ಮೂರಕ್ಕೆ ಮಲಗಿ ಏಳೂವರೆಗೆ ಲ್ಯಾಬಿಗೆ ಏಳೋ ನಾವು ಕತ್ತರಿಸ್ತಿರೋದು ಅದನ್ನೇ. ಉಳಿದ ಚೂರನ್ನೂ ನಡುವೆ ಒಡೆಯೋ ಬದಲು, ಒಂದು ವಾರ ಹನ್ನೆರಡರೊಳಗೆ ಮಲಗಿ ನೋಡಿ. ಕನಸಿಗೆ ಜಾಗವಾದ್ರೂ ಸಿಗುತ್ತೆ.