ಬೇಲಿಯೊಳಗಿನ ಬೇಟೆ

ಚಿಕ್ಕ ಮಕ್ಕಳಿದ್ದು ಬಟ್ಟೆಯ ಕರಡಿಯೊಂದು ಇಲ್ಲದ ಮನೆ ಇಂದು ನಮ್ಮ ಪಟ್ಟಣಗಳಲ್ಲಿ ವಿರಳವೇ ಸರಿ. ಆ ಗೊಂಬೆಗೆ ‘ಟೆಡ್ಡಿ’ ಎಂಬ ಹೆಸರು ಬಂದ ಬಗೆಯನ್ನು ಬಲ್ಲವರು ಮಾತ್ರ ಕಡಿಮೆ. 1902ನೆಯ ಇಸವಿಯ ನವೆಂಬರ ತಿಂಗಳಲ್ಲಿ ಅಮೇರಿಕದ ಅಧ್ಯಕ್ಷ ಥಿಯೋಡೋರ ರೂಜ್ವೆಲ್ಟರು ಮಿಸಿಸಿಪಿ ಸಂಸ್ಥಾನದ ಕಾಡಿಗೆ ಕರಡಿಯ ಬೇಟೆಗೆಂದು ಹೋಗಿದ್ದರು. ಬೇಟೆ ಒದಗಲಿಲ್ಲ. ಅಧ್ಯಕ್ಷರನ್ನು ಬರಿಗೈಯಿಂದ ಕಳುಹಿಸುವದು ಹೇಗೆಂದು ಜೊತೆಯವರು ನಾಯಿಗಳಿಂದ ಬಳಲಿಸಿ ಹಿಡಿದ ಒಂದು ಕರಡಿಯನ್ನು ಮರಕ್ಕೆ ಬಿಗಿದು, ಗುಂಡು ಹಾರಿಸಬೇಕೆಂದು ಅವರನ್ನು ಕರೆದರು. ಕಟ್ಟಿಹಾಕಿದ ಪ್ರಾಣಿಯನ್ನು ತಾನು ಹೊಡೆಯಲಾರೆನೆಂದು ರೂಜ್ವೆಲ್ಟರು ನಿರಾಕರಿಸಿದರು. ಪತ್ರಿಕೆಗಳಲ್ಲಿ ಇದರ ವ್ಯಂಗ್ಯಚಿತ್ರ ಬಂದಿತು. ಗೊಂಬೆಯ ವ್ಯಾಪಾರಿಗಳು ಅವರ ಅಡ್ಡಹೆಸರನ್ನು ಕರಡಿಗೆ ಇಟ್ಟರು. ಕಥೆಯನ್ನು ಇಲ್ಲಿಗೇ ನಿಲ್ಲಿಸುವದು ವಾಡಿಕೆ. ಆದರೆ ಗಾಯಗೊಂಡಿದ್ದ ಆ ಕರಡಿಯನ್ನು ನರಳಾಟ ತಪ್ಪಿಸಲೆಂದು ಅವರದೇ ಅಪ್ಪಣೆಯ ಮೇರೆಗೆ ಚೂರಿಯಿಂದ ಕೊಂದರೆಂಬದನ್ನು ಗೊಂಬೆ ಮಾರುವವರು ಹೇಳುವದಿಲ್ಲ. ಬೇಟೆಗಾರನ ಮಾನ ಉಳಿಯಿತು, ಕರಡಿಯ ಪ್ರಾಣ ಉಳಿಯಲಿಲ್ಲ. ಕಾಯಿದೆಗಳೂ ಹಲವು ಸಲ ಹೀಗೆಯೇ ಕೆಲಸಮಾಡುವದನ್ನು ವಕೀಲಿಯಲ್ಲಿ ಕೂದಲು ನರೆಯಿಸಿಕೊಳ್ಳುತ್ತಿರುವ ನಾವು ಬಲ್ಲೆವು.

ಓಡಿಹೋಗಲಾರದ ಪ್ರಾಣಿಯನ್ನು ಹೊಡೆಯುವದು ಬೇಟೆಯೋ, ಕಸಾಯಿತನವೋ? ಕಾಡಿನ ಮೃಗವು ಬೇಲಿಯೊಳಗೆ ಬಂದ ಮಾತ್ರಕ್ಕೆ ಅದಕ್ಕಿದ್ದ ರಕ್ಷಣೆ ತಪ್ಪಬಹುದೋ? ಇದು ದೂರದೇಶದವರ ಚರ್ಚೆಯೆಂದು ವಾಚಕರು ಪುಟವನ್ನು ತಿರುವಬಾರದು. ಈ ಮೊಕದ್ದಮೆಯಲ್ಲಿ ನಮ್ಮ ನೆಲದ ಪ್ರಾಣಿಯೇ ಮುಖ್ಯ ಪಕ್ಷಗಾರನಾಗಿದೆ.

ರಾಣೇಬೆನ್ನೂರಿನ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡನ್ನು ಕಂಡವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಹೆಣ್ಣುಗಳ ಹೊಂಬಣ್ಣದ ನಡುವೆ ಕಪ್ಪು ಬೆನ್ನಿನ, ತಿರುಚುಕೋಡಿನ ಗಂಡು. ಬೆದರಿದೊಡನೆ ನೆಲಕ್ಕೆ ಕಾಲು ತಾಗಿತೋ ಇಲ್ಲವೋ ಎಂಬಂಥ ನೆಗೆತ. 1974ರಲ್ಲಿ ಅಲ್ಲಿಯ 119 ಚದರ ಕಿಲೋಮೀಟರು ನೆಲವನ್ನು ಅಭಯಧಾಮವೆಂದು ಸಾರಲಾಯಿತು. ಅದೇ ಬಯಲಿನ ಹೆಸರಾಂತ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು, ಮೃಗ ಉಳಿಯಿತು. ಉಳಿಯಲು ಕಾರಣ ಕಾಯಿದೆ. ಇಲ್ಲಿ ಕೃಷ್ಣಮೃಗವು ಹುಲಿಯೊಡನೆ ಒಂದೇ ಪಂಕ್ತಿಯಲ್ಲಿ, ಮೊದಲನೆಯ ಅನುಸೂಚಿಯಲ್ಲಿ ಕುಳಿತಿದೆ. ಅದನ್ನು ಕೊಂದವನಿಗೆ ಮೂರು ವರುಷಕ್ಕೆ ಕಡಿಮೆಯಿಲ್ಲದ, ಏಳು ವರುಷದ ವರೆಗಿನ ಸೆರೆವಾಸ. ಅದರ ಮೇಲೆ ದಂಡ.

ಇದೇ ಮೃಗವನ್ನು 1932ರ ಸುಮಾರಿಗೆ ಅಮೇರಿಕದ ಟೆಕ್ಸಾಸ ಸಂಸ್ಥಾನಕ್ಕೆ ಒಯ್ದು ಎಡ್ವರ್ಡ್ಸ ಪ್ರಸ್ಥಭೂಮಿಯ ದನಗಾವಲುಗಳಲ್ಲಿ ಬಿಟ್ಟರು. ಹವೆ ಹಿಡಿಸಿತು, ಸಂತತಿ ಬೆಳೆಯಿತು. ನಮ್ಮ ಚುಕ್ಕೆ ಜಿಂಕೆಯೂ, ನೀಲಗಾಯಿಯೂ ಅಲ್ಲಿ ಹಾಗೆಯೇ ನೆಲೆಸಿವೆ. ಈಗ ಟೆಕ್ಸಾಸದ ಕಾಯಿದೆಯನ್ನು ನೋಡಬೇಕು. ಆ ಸಂಸ್ಥಾನದ ಗಡಿಯೊಳಗಿನ ಕಾಡುಪ್ರಾಣಿಗಳೆಲ್ಲ ಜನರ ಸ್ವತ್ತೆಂದು ಅಲ್ಲಿಯ ಸಂಹಿತೆ ಸಾರುತ್ತದೆ. ಬಿಳಿಬಾಲದ ದೇಶೀ ಜಿಂಕೆಯನ್ನು ಹೊಡೆಯಲು ಋತುವುಂಟು, ಸಂಖ್ಯೆಯ ಮಿತಿಯುಂಟು. ಹೊರಗಿನಿಂದ ಬಂದ ನಮ್ಮ ಕೃಷ್ಣಮೃಗಕ್ಕೆ ಮಾತ್ರ ಅವೆರಡೂ ಇಲ್ಲ. ಅದು ಪರದೇಶದ ಸಾಕುದನವೆಂದೇ ಎಣಿಕೆ. ಖಾಸಗಿ ಭೂಮಿಯಲ್ಲಿ ಒಡೆಯನ ಒಪ್ಪಿಗೆಯಿದ್ದು, ಕೈಯಲ್ಲಿ ಬೇಟೆಯ ಪರವಾನಗಿಯಿದ್ದವನು ವರುಷದ ಯಾವ ದಿನವಾದರೂ ಹೊಡೆಯಬಹುದು. ಎತ್ತರದ ತಂತಿಬೇಲಿ, ಜಾತಿಗೊಂದು ದರ, ಕೋಡಿನ ಉದ್ದಕ್ಕೆ ತಕ್ಕ ಬೆಲೆ. ಹಣ ಕಟ್ಟಿದವನು ಬಂದು ಹೊಡೆದು ತಲೆಯನ್ನು ಗೋಡೆಗೆ ತೂಗಹಾಕುತ್ತಾನೆ. ಒಂದೇ ಜಾತಿಯ, ಒಂದೇ ನೆತ್ತರಿನ ಪ್ರಾಣಿ ತುಂಗಭದ್ರೆಯ ದಡದಲ್ಲಿ ರಾಜ್ಯದ ರಕ್ಷಿತ ನಿಧಿ, ಟೆಕ್ಸಾಸದಲ್ಲಿ ಅಂಗಡಿಯ ಸರಕು.

ಟೆಕ್ಸಾಸದವರು ಕರುಣೆಯಿಲ್ಲದವರೆಂದು ನಾವು ಹೇಳುವದಿಲ್ಲ. ಸಿಂಹ, ಹುಲಿ, ಆನೆ ಮೊದಲಾದ ಅಪಾಯಕಾರಿ ಮೃಗಗಳನ್ನು ಬಂಧನದಲ್ಲಿಟ್ಟಾಗಲಿ, ಕೊಲ್ಲುವದಕ್ಕೆಂದೇ ಬಂಧನದಿಂದ ಬಿಟ್ಟಾಗಲಿ ಕೊಲ್ಲಕೂಡದೆಂದು ಅವರದೇ ಸಂಹಿತೆಯಲ್ಲಿ ನಿಷೇಧವಿದೆ. ಅಂದಮೇಲೆ ತತ್ವವನ್ನು ಅವರು ಒಪ್ಪಿದಂತಾಯಿತು. ಬಂಧಿತ ಸಿಂಹವನ್ನು ಹೊಡೆಯುವದು ಹೇಯವಾದರೆ ಬಂಧಿತ ಜಿಂಕೆಯನ್ನು ಹೊಡೆಯುವದು ಹೇಗೆ ಪೌರುಷವಾಯಿತು? ಹಲ್ಲು ಉಗುರು ಇದ್ದವರಿಗೆ ರಕ್ಷಣೆ, ಓಟವೊಂದನ್ನೇ ನಂಬಿದ ಪ್ರಾಣಿಗೆ ಇಲ್ಲ. ಮತ್ತು ಆ ಓಟವನ್ನೇ ಬೇಲಿ ಕಸಿದುಕೊಂಡಿದೆ.

ಇದಕ್ಕಿಂತಲೂ ನಗೆಗೇಡಿನ ಸಂಗತಿ 2005ರಲ್ಲಿ ಅದೇ ಸಂಸ್ಥಾನದಲ್ಲಿ ನಡೆಯಿತು. ಮನೆಯಲ್ಲಿ ಕುಳಿತು ಗಣಕಯಂತ್ರದ ಗುಂಡಿಯನ್ನೊತ್ತಿದರೆ ದೂರದ ಬೇಲಿಯೊಳಗಿನ ಬಂದೂಕು ತಾನಾಗಿ ಗುಂಡು ಹಾರಿಸುವ ಏರ್ಪಾಡನ್ನು ಒಬ್ಬನು ಮಾಡಿದನು. ಬೇಟೆಗಾರರೇ ಮೊದಲಾಗಿ ಎಲ್ಲರೂ ಛೀ ಎಂದರು. ಹತ್ತಾರು ಸಂಸ್ಥಾನಗಳು ಅದನ್ನು ನಿಷೇಧಿಸಿದವು. ಕುರ್ಚಿಯ ಮೇಲೆ ಕುಳಿತು ಹೊಡೆದವನಿಗೂ ಬೇಲಿಯ ಬದಿಗೆ ನಿಂತು ಹೊಡೆದವನಿಗೂ ಇರುವ ಅಂತರ ಎಷ್ಟು ಮೊಳವೆಂದು ಆಗಲೇ ಕೇಳಬೇಕಾಗಿತ್ತು.

ಆ ಪ್ರಶ್ನೆಯನ್ನು ಅದಕ್ಕೂ ಐದು ವರುಷ ಮೊದಲೇ ಕೇಳಿದವರು ಮೊಂಟಾನಾ ಸಂಸ್ಥಾನದವರು. ಮೊಂಟಾನಾ ಅಹಿಂಸಾವ್ರತಿಗಳ ನಾಡಲ್ಲ. ಅಲ್ಲಿ ಬೇಟೆಯೆಂದರೆ ಕುಟುಂಬದ ಹಬ್ಬವಿದ್ದಂತೆ. 1999ರಲ್ಲಿ ಅಲ್ಲಿಯ ಒಂದು ಸಾಕಣೆಯ ಹಿತ್ತಿಲಲ್ಲಿ, ಎಲ್ಕ್ ಎಂಬ ದೊಡ್ಡ ಜಿಂಕೆಗಳಲ್ಲಿ ಮಿದುಳನ್ನು ತಿನ್ನುವ ಕ್ಷಯರೋಗ ಕಾಣಿಸಿಕೊಂಡಿತು. ಈ ರೋಗಕ್ಕೆ ಮದ್ದಿಲ್ಲ. ಇಕ್ಕಟ್ಟಿನಲ್ಲಿ ಕೂಡಿಹಾಕಿದ ಪ್ರಾಣಿಗಳಲ್ಲಿ ಬಲುಬೇಗ ಹಬ್ಬುತ್ತದೆ, ಬೇಲಿಯ ಕಿಂಡಿಯಿಂದ ಹೊರಗಿನ ಹಿಂಡಿಗೂ ದಾಟಬಲ್ಲದು. ಬೇಟೆಗಾರರು ಎಚ್ಚೆತ್ತು ತಾವೇ ಮುಂದಾಗಿ ಜನಮತಕ್ಕೆ ಪ್ರಸ್ತಾಪವನ್ನಿಟ್ಟರು. 2000ದ ನವೆಂಬರದಲ್ಲಿ ಅದು ಅಲ್ಪ ಬಹುಮತದಿಂದ ಗೆದ್ದಿತು. ಹೊಸ ಸಾಕಣೆಗೆ ಪರವಾನಗಿಯಿಲ್ಲ, ಇದ್ದ ಪರವಾನಗಿಯನ್ನು ಪರರಿಗೆ ವರ್ಗಾಯಿಸುವಂತಿಲ್ಲ, ಹಣ ಪಡೆದು ಬೇಲಿಯೊಳಗೆ ಹೊಡೆಯಗೊಡುವಂತಿಲ್ಲ. ನಷ್ಟಪಟ್ಟ ಒಡೆಯರು ತಮ್ಮ ಸ್ವತ್ತನ್ನು ಸರಕಾರ ಕಸಿಯಿತೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2008ರಲ್ಲಿ ಮೊಂಟಾನಾದ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ, ಪರಿಹಾರ ಕೊಡಬೇಕಾಗಿಲ್ಲವೆಂದು ತೀರ್ಪಿತ್ತಿತು.

ಎಲ್ಲೆಡೆಯೂ ಹೀಗಾಯಿತೆಂದು ತಿಳಿಯಬಾರದು. ಉತ್ತರ ಡಕೋಟಾದಲ್ಲಿ 2010ರಲ್ಲಿ ಇಂಥದೇ ಪ್ರಸ್ತಾಪ ಜನಮತದಲ್ಲಿ ಸೋತಿತು. ಇಂಡಿಯಾನಾದ ಅಪೀಲು ನ್ಯಾಯಾಲಯವು 2015ರಲ್ಲಿ, ಖಾಸಗಿಯವರು ನ್ಯಾಯಬದ್ಧವಾಗಿ ಸಾಕಿದ ಬೇಲಿಯೊಳಗಿನ ಜಿಂಕೆಗಳ ಮೇಲೆ ಸರಕಾರದ ಇಲಾಖೆಗೆ ಅಂದಿನ ಕಾಯಿದೆ ಅಧಿಕಾರ ಕೊಟ್ಟಿಲ್ಲವೆಂದಿತು. ದಕ್ಷಿಣ ಆಫ್ರಿಕದಲ್ಲಿ ನಡೆದದ್ದು ಇನ್ನೂ ಖೇದಕರ. ಬೋನಿನಲ್ಲಿ ಬೆಳೆಸಿದ ಸಿಂಹವನ್ನು ಹೊಡೆಯುವ ಮೊದಲು 24 ತಿಂಗಳಾದರೂ ವಿಸ್ತಾರವಾದ ಬಯಲಿನಲ್ಲಿ ಸ್ವತಂತ್ರವಾಗಿ ಬಿಟ್ಟಿರಬೇಕೆಂದು ಸರಕಾರ ನಿಯಮ ಮಾಡಿದರೆ, ಸಿಂಹ ಸಾಕುವವರ ಸಂಘವು ವ್ಯಾಜ್ಯ ಹೂಡಿ 2010ರಲ್ಲಿ ಆ ನಿಯಮವನ್ನೇ ರದ್ದುಪಡಿಸಿಕೊಂಡಿತು. ಸಿಂಹಗಳ ಈ ಸಾಕಣೆಯನ್ನೇ ನಿಲ್ಲಿಸುವೆವೆಂದು ಅಲ್ಲಿಯ ಸರಕಾರ ಸಾರಿದ್ದು 2021ರಲ್ಲಿ. ಮಂತ್ರಿಮಂಡಲವು ಆ ಧೋರಣೆಗೆ ಒಪ್ಪಿಗೆ ಕೊಟ್ಟದ್ದು 2024ರಲ್ಲಿ.

ಪ್ರತಿಪಕ್ಷದ ವಾದವನ್ನೂ ಕೇಳಬೇಕು. ಏಕಪಕ್ಷೀಯ ಡಿಕ್ರಿ ನಮಗೆ ಸೇರದು. ಬೇಟೆಯ ಹಣದಿಂದಲೇ ಜಾತಿಗಳು ಉಳಿಯುತ್ತವೆಂದು ಅವರ ವಾದ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ಪಾಕಿಸ್ತಾನದ ನೆಲದಲ್ಲಿ ಕೃಷ್ಣಮೃಗ ಅಳಿದುಹೋದಾಗ, ಲಾಲ್ ಸುಹಾನ್ರಾದಲ್ಲಿ ಮತ್ತೆ ಅದರ ಸಂತತಿಯನ್ನು ಬೆಳೆಸಲು ತರಿಸಿದ್ದು ಟೆಕ್ಸಾಸದ ಹಿಂಡಿನಿಂದಲೇ! ಸಹಾರಾ ಮರುಭೂಮಿಯಂಚಿನ ಕತ್ತಿಗೋಡಿನ ಓರಿಕ್ಸ್ ಎಂಬ ಮೃಗ ಕಾಡಿನಲ್ಲಿ ನಿರ್ನಾಮವಾದಾಗಲೂ ಟೆಕ್ಸಾಸದ ಬೇಲಿಗಳಲ್ಲಿ ಸಾವಿರಾರು ಇದ್ದವು. 2016ರಿಂದ ಚಾಡ್ ದೇಶದಲ್ಲಿ ಅದನ್ನು ಮತ್ತೆ ಬಯಲಿಗೆ ಬಿಡುತ್ತಿದ್ದಾರೆ. ಇದನ್ನು ನಾವು ಮನಃಪೂರ್ವಕವಾಗಿ ಒಪ್ಪುವೆವು. ಆದರೆ ಸಂತತಿಯನ್ನು ಉಳಿಸಿದ್ದು ಸಾಕಣೆ. ಅದರ ಖರ್ಚಿಗೆ ಗುಂಡಿನ ವ್ಯಾಪಾರವೊಂದೇ ದಾರಿಯೆಂದು ಯಾರೂ ಸಿದ್ಧಪಡಿಸಿಲ್ಲ. ಮೊಂಟಾನಾದ ರೋಗವನ್ನು ಈ ಜಮಾಖರ್ಚಿನ ಯಾವ ಅಂಕಣದಲ್ಲಿ ಬರೆಯಬೇಕೆಂಬದನ್ನೂ ಅವರು ಹೇಳಬೇಕು.

ಇನ್ನು ನಮ್ಮ ಮನೆಯ ಮಾತು. ಬೇಟೆಯ ವಿಷಯದಲ್ಲಿ ನಮ್ಮ ಹಿಂದಿನವರ ಕೈ ಶುದ್ಧವಾಗಿತ್ತೆಂದು ನಾವು ಹೇಳಲಾರೆವು. ನೆರೆಯ ಕೊಲ್ಲಾಪುರದ ಅರಸರು ಪಳಗಿಸಿದ ಚಿರತೆಗಳನ್ನು—ಹುಲ್ಲುಗಾವಲಿನ ಚೀತಾಗಳನ್ನು—ಕಣ್ಣಿಗೆ ಬಟ್ಟೆ ಕಟ್ಟಿ ಗಾಡಿಯಲ್ಲಿ ಹಿಂಡಿನ ಸಮೀಪಕ್ಕೆ ಒಯ್ದು ಕೃಷ್ಣಮೃಗಗಳ ಮೇಲೆ ಬಿಡುತ್ತಿದ್ದರು. ದೇಶದ ಚೀತಾ ಮುಗಿದುಹೋಗುತ್ತ ಬಂದಾಗ ಆಫ್ರಿಕದಿಂದ ತರಿಸಿದರು. ಆದರೂ ಆ ರಾಜವಿಲಾಸದಲ್ಲಿ ಸಹ ಜಿಂಕೆಗೆ ಓಡಲು ಬಯಲಿತ್ತೆಂಬದನ್ನು ಟೆಕ್ಸಾಸದವರು ಗಮನಿಸಬೇಕು. ಹುಲಿಯ ಬೇಟೆಯಲ್ಲಿ ಅಷ್ಟೂ ಇರಲಿಲ್ಲ. ಕೋಣನ ಕರುವನ್ನು ಕಟ್ಟಿ, ನೂರಾರು ಬಡವರಿಂದ ತಮಟೆ ಹೊಡೆಯಿಸಿ ಸೋವಿ, ಅಟ್ಟಣಿಗೆಯ ಮೇಲೆ ಕುಳಿತ ಬಿಳಿಯ ಅತಿಥಿಯ ಬಂದೂಕಿನ ಬಾಯಿಗೆ ಹುಲಿಯನ್ನು ತಂದೊಡ್ಡುವದು ಎಷ್ಟೋ ಸಂಸ್ಥಾನಗಳಲ್ಲಿ ದರಬಾರಿನ ಮರ್ಯಾದೆಯಾಗಿತ್ತು.

ಕಾಯಿದೆಗಳೂ ಚಿಂದಿಚಿಂದಿಯಾಗಿದ್ದವು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ದಿನಗಳಲ್ಲಿ ತುಂಗಭದ್ರೆಯ ಈಚೆಯ ರಾಣೇಬೆನ್ನೂರಿಗೆ ಮುಂಬಯಿಯ ಕಾಯಿದೆ, ಆಚೆಯ ಹರಿಹರಕ್ಕೆ ಮೈಸೂರಿನ ಶಾಸನ. ಮೈಸೂರಿನದು 1901ರದು, ಮುಂಬಯಿ 1951ರಲ್ಲಿ ಹೊಸದಾಗಿ ಮಾಡಿತು. ಹೊಳೆಯನ್ನು ದಾಟಿದ ಮೃಗಕ್ಕೆ ತಾನು ಯಾರ ಪ್ರಜೆಯೆಂದು ತಿಳಿಯುತ್ತಿದ್ದಿಲ್ಲ! 1956ರಲ್ಲಿ ನಾಡು ಒಂದಾದ ಮೇಲೂ ದೇಶಕ್ಕೆಲ್ಲ ಒಂದು ಕಾಯಿದೆ ಬರಲು ಹದಿನಾರು ವರುಷ ಹಿಡಿಯಿತು. ಕಾಡುಪ್ರಾಣಿಗಳ ರಕ್ಷಣೆ ಆಗ ರಾಜ್ಯಗಳ ಅಧಿಕಾರದಲ್ಲಿದ್ದುದರಿಂದ, ಹನ್ನೊಂದು ರಾಜ್ಯಗಳ ಶಾಸನಸಭೆಗಳು ಠರಾವು ಮಾಡಿ ಕೇಳಿಕೊಂಡ ಬಳಿಕ ಪಾರ್ಲಿಮೆಂಟು 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯನ್ನು ಮಾಡಿತು. ಆ ಹನ್ನೊಂದರಲ್ಲಿ ನಮ್ಮ ರಾಜ್ಯದ ಹೆಸರಿಲ್ಲ, ನಾವು ಆಮೇಲೆ ಸೇರಿದವರು. ಇದನ್ನು ಬರೆಯುವಾಗ ನಮಗೆ ತುಸು ನಾಚಿಕೆಯಾಗುತ್ತದೆ.

ಈ ಕಾಯಿದೆಯಲ್ಲಿ ಬೇಟೆಯೆಂಬ ಶಬ್ದಕ್ಕೆ ಮೊದಲು ಕೊಟ್ಟ ವ್ಯಾಖ್ಯೆಯಲ್ಲಿ ಕಾಡುಪ್ರಾಣಿಯ ಮಾತಷ್ಟೇ ಇತ್ತು. 2002ರಲ್ಲಿ ಆದ ತಿದ್ದುಪಡಿ, 2003ರ ಏಪ್ರಿಲದಿಂದ ಜಾರಿಗೆ ಬಂದದ್ದು, ಅದರ ಪಕ್ಕದಲ್ಲಿ ‘ಬಂಧಿತ ಪ್ರಾಣಿ’ಯನ್ನೂ ಕೂಡಿಸಿತು. ಕೊಲ್ಲುವದು, ವಿಷವಿಕ್ಕುವದು, ಬಲೆಯೊಡ್ಡುವದು, ಸೋವುವದು, ಆಮಿಷ ಕಟ್ಟುವದು ಇವೆಲ್ಲ ಕಾಡಿನಲ್ಲಿದ್ದ ಪ್ರಾಣಿಗೆ ಮಾಡಿದರೂ ಬೇಟೆ, ಕೂಡಿಹಾಕಿದ ಪ್ರಾಣಿಗೆ ಮಾಡಿದರೂ ಬೇಟೆ. ಕಾಯಿದೆಯನ್ನು ಮೀರಿ ಬಂಧನದಲ್ಲಿಟ್ಟ ಅಥವಾ ಬೆಳೆಸಿದ ಮೃಗವು ಸರಕಾರದ ಸ್ವತ್ತೆಂದು 39ನೆಯ ಕಲಮು ಹೇಳುತ್ತದೆ. ಬೇಲಿ ಹಾಕಿದವನು ಬೇಲಿಗೆ ಒಡೆಯನಾದಾನು, ಮೃಗಕ್ಕೆ ಅಲ್ಲ. ಟೆಕ್ಸಾಸವು ಎಡವಿದ ಹೊಸ್ತಿಲನ್ನು ನಮ್ಮ ಶಾಸನಕಾರರು ಎರಡು ಶಬ್ದಗಳಿಂದ ದಾಟಿದರು.

ನಾವು ಈ ಲೇಖನವನ್ನು ಬರೆದ ಕಾರಣವೂ ಇಲ್ಲಿಯೇ ಇದೆ. ಮೃಗಗಳು ತಮ್ಮ ಖರ್ಚನ್ನು ತಾವೇ ದುಡಿಯಲಿ, ಬೇಲಿ ಹಾಕಿ ಸಾಕಲಿ, ಶ್ರೀಮಂತರು ಬಂದು ಹೊಡೆಯಲಿ, ರೈತನಿಗೆ ಒಂದು ಪಾಲು ಸಿಕ್ಕಲಿ ಎಂಬ ಮಾತು ನಮ್ಮ ವಿದ್ಯಾವಂತರ ಬಾಯಲ್ಲಿಯೂ ಕೇಳುತ್ತಿದೆ. ಇದರ ಹಿಂದೆ ನಿಜವಾದ ಒಂದು ಸಂಕಟವಿದೆಯೆಂಬದನ್ನು ಮರೆಮಾಚಲಾಗದು. ರಾಣೇಬೆನ್ನೂರಿನ ಸುತ್ತಣ ಗೋವಿನಜೋಳದ ಹೊಲಕ್ಕೆ ಇರುಳು ಹಿಂಡು ನುಗ್ಗಿದರೆ ಮೂರು ತಿಂಗಳ ಬೆವರು ಬೆಳಗಾಗುವದರೊಳಗೆ ಮಣ್ಣುಪಾಲು. ಆ ಒಕ್ಕಲಿಗನಿಗೆ ಮೊದಲನೆಯ ಅನುಸೂಚಿಯ ಮಹಿಮೆಯನ್ನು ಉಪದೇಶಿಸಹೋದವನು ಏಟು ತಿಂದು ಬಂದರೆ ನಾವು ಅವನ ವಕಾಲತ್ತು ವಹಿಸೆವು. ಬಿಹಾರದಲ್ಲಿ ಇದೇ ಸಂಕಟಕ್ಕೆ ನೀಲಗಾಯಿಯನ್ನು ಪೀಡಕ ಪ್ರಾಣಿಯೆಂದು ಸಾರಿ 2016ರಲ್ಲಿ ಗುಂಡಿಟ್ಟು ಕೊಂದರು.

ಆದರೆ ಬೇಲಿಯ ಬೇಟೆಯಿಂದ ಆ ಒಕ್ಕಲಿಗನಿಗೆ ಬರುವದೇನು? ಹೊಲದಲ್ಲಿ ಮೇಯುವದು ಬಯಲಿನ ಹಿಂಡು. ಶ್ರೀಮಂತನು ಹೊಡೆಯುವದು ಬೇರೆಯವನ ಬೇಲಿಯೊಳಗಿನ ಮೃಗ. ಒಂದನ್ನು ಹೊಡೆದರೆ ಇನ್ನೊಂದು ಮೇಯುವದನ್ನು ಬಿಡದು. ಹಣವು ನೂರಾರು ಎಕರೆಗೆ ತಂತಿ ಸುತ್ತಬಲ್ಲವನ ತಿಜೋರಿಗೆ ಹೋದೀತೇ ವಿನಾ ನಾಲ್ಕೆಕರೆಯವನ ಕಣಜಕ್ಕೆ ಬಾರದು. ಅಷ್ಟೇ ಅಲ್ಲ, ಬೇಲಿಯೊಳಗಿನ ಕೋಡಿಗೆ ಬೆಲೆ ಬಂದ ದಿನವೇ ಬಯಲಿನ ಕೋಡಿಗೂ ಬೆಲೆ ಬರುವದು. ಇರುಳು ಉರುಲು ಹಾಕಿ ಹಿಡಿದದ್ದನ್ನು ಹಗಲು ಬೇಲಿಯೊಳಗೆ ಹುಟ್ಟಿದ್ದೆಂದು ಹೇಳಿದರೆ, ಎರಡಕ್ಕೂ ಇರುವ ವ್ಯತ್ಯಾಸವನ್ನು ಯಾವ ಫೌಜದಾರನು ಕಂಡುಹಿಡಿದಾನು, ಯಾವ ಸಾಕ್ಷಿದಾರನು ಪ್ರಮಾಣ ಮಾಡಿ ಹೇಳಿದಾನು?

ಆದುದರಿಂದ ಕಾಯಿದೆಯ ವ್ಯಾಖ್ಯೆಯನ್ನು ಮುಟ್ಟಬಾರದು. ಮುಟ್ಟಬೇಕಾದದ್ದು ಪರಿಹಾರದ ಪದ್ಧತಿ. ಬೆಳೆಹಾನಿಯ ಪಂಚನಾಮೆ ಆ ವಾರದಲ್ಲಿಯೇ ಆಗಬೇಕು, ಹಣವು ಮುಂದಿನ ಬಿತ್ತನೆಯ ಮೊದಲೇ ರೈತನ ಕೈಸೇರಬೇಕು, ಅದರ ಮೊತ್ತವು ಪೇಟೆಯ ಧಾರಣಿಗೆ ಹತ್ತಿರವಿರಬೇಕು. ರಾಣೇಬೆನ್ನೂರಿನ ಬಯಲಿನಲ್ಲಿ ಒಂದು ಕಾಲಕ್ಕೆ ನೆಟ್ಟ ನೀಲಗಿರಿಯನ್ನು ತೆಗೆದು ಹುಲ್ಲಿಗೆ ನೆಲವನ್ನು ಬಿಟ್ಟುಕೊಟ್ಟರೆ ಹಿಂಡು ಹೊಲಕ್ಕಿಳಿಯುವದೂ ಅಷ್ಟರಮಟ್ಟಿಗೆ ಕಡಿಮೆಯಾದೀತು. ಆ ಭಾಗದ ಶಿಕ್ಷಕರಿಗೆ ನಮ್ಮದೊಂದು ಬಿನ್ನಹವಿದೆ. ಹಾನಿಯ ಅರ್ಜಿಯನ್ನು ಬರೆಯಲು ಬಾರದ ಒಕ್ಕಲಿಗರು ನಿಮ್ಮ ಊರುಗಳಲ್ಲಿ ಇದ್ದೇ ಇರುತ್ತಾರೆ. ಸುಗ್ಗಿಯ ಮೊದಲಿನ ಈ ತಿಂಗಳುಗಳಲ್ಲಿ ಶಾಲೆ ಬಿಟ್ಟ ಮೇಲೆ ಅವರಿಗಾಗಿ ಒಂದು ಗಳಿಗೆ ಕೂಡ್ರಿರಿ. ತಾರೀಖು, ಸರ್ವೆ ನಂಬರು, ಹಾನಿಯಾದ ಗುಂಟೆಗಳ ಲೆಕ್ಕ ಇವನ್ನು ಮರೆಯದೆ ಬರೆದು, ಪ್ರತಿಯೊಂದನ್ನು ಅವರ ಹತ್ತಿರ ಇರಿಸಿರಿ.