ಬಣ್ಣದ ದೋಣಿಗಳ ದಡ

ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಅಲ್ಲಿ ಮಾರ್ಸಾಶ್ಲೋಕ್ ಎಂಬ ಮೀನುಗಾರರ ಊರಿದೆ. ಆ ಊರಿನವರು ದೋಣಿಗಳಿಗೆ ನೀಲಿ, ಹಳದಿ, ಕೆಂಪು, ಹಸಿರು ಬಣ್ಣದ ಪಟ್ಟೆಗಳನ್ನು ಬಳಿಯುತ್ತಾರೆ. ದೋಣಿಯ ಮುಂಭಾಗದ ಎರಡೂ ಬದಿಗೆ ಒಂದೊಂದು ಕಣ್ಣು ಬಿಡಿಸುತ್ತಾರೆ. ಕಡಲಿಗೆ ಹೋದವರನ್ನು ಆ ಕಣ್ಣುಗಳು ಕಾಯುತ್ತವೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಭಾನುವಾರ ದಡದ ಉದ್ದಕ್ಕೂ ಮೀನಿನ ಸಂತೆ ಸೇರುತ್ತದೆ. ಅದನ್ನು ನೋಡಲು ದೂರದ ದೇಶಗಳಿಂದ ಜನರು ಬರುತ್ತಾರೆ.

ಮಕ್ಕಳೇ, ಮೀನಿನ ಸಂತೆ ನೋಡಲು ವಿಮಾನ ಹತ್ತಿ ಬರುವವರಿದ್ದಾರೆ ಎಂದರೆ ನಿಮಗೆ ನಗು ಬರಬಹುದು. ನಮ್ಮಲ್ಲಿ ಮೀನುಪೇಟೆಯ ಬಳಿ ಮೂಗು ಮುಚ್ಚಿಕೊಂಡು ಹೋಗುವವರೇ ಹೆಚ್ಚು. 'ನಮ್ಮ ಜಿಲ್ಲೆಯ ಸುಂದರ ತಾಣ' ಎಂಬ ಪ್ರಬಂಧ ಬರೆಯಲು ಹೇಳಿದರೆ ತರಗತಿಯ ಹೆಚ್ಚಿನವರು ಬೇಕಲ ಕೋಟೆಯನ್ನೇ ಬರೆಯುತ್ತಾರೆ. ಕಡಲ ಬದಿಯ ಮನೆಗಳಿಂದ ಬರುವ ಮಕ್ಕಳೂ ತಮ್ಮ ದಡವನ್ನು ಬಿಟ್ಟು ಕೋಟೆಯನ್ನೇ ಬರೆಯುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ.

ಕೋಟೆ ಚೆಂದವೇ. ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಕೋಟೆಯನ್ನು ಎಲ್ಲರೂ ನೋಡಬೇಕು. ಆದರೆ ಅಲ್ಲಿಯ ಸೈನಿಕರು ಹೋಗಿ ಎಷ್ಟೋ ಕಾಲವಾಯಿತು. ದೋಣಿ ಬರುವ ದಡದಲ್ಲಿ ಇಂದು ಬೆಳಗ್ಗೆಯೂ ಕೆಲಸ ನಡೆದಿದೆ.

ಕಾಸರಗೋಡು ಪೇಟೆಯಿಂದ ಕಸಬ ಕಡಪ್ಪುರ ದೂರವಿಲ್ಲ. ಕೊಡಗಿನಲ್ಲಿ ಹುಟ್ಟಿದ ಚಂದ್ರಗಿರಿ ಹೊಳೆ ಸುಮಾರು 105 ಕಿಲೋಮೀಟರ್ ಹರಿದು ಅಲ್ಲಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಉತ್ತರಕ್ಕೆ ಹೋದರೆ ಮಂಜೇಶ್ವರದ ಬಂದರು, ದಕ್ಷಿಣಕ್ಕೆ ಹೋದರೆ ಚೆರುವತ್ತೂರಿನ ಮಡಕ್ಕರ. ಎಲ್ಲಿ ನಿಂತರೂ ಕಣ್ಣಿಗೆ ಬಣ್ಣ ತುಂಬುತ್ತದೆ. ಹಸಿರು ಬಲೆ, ನೀಲಿ ಬುಟ್ಟಿ, ಬೆಳ್ಳಿಯಂತೆ ಹೊಳೆಯುವ ಮೀನು, ಬಿಳಿ ಮಂಜುಗಡ್ಡೆ.

ಬಣ್ಣಕ್ಕೂ ಕಾರಣವಿದೆ. ಕೇರಳದ ಯಾಂತ್ರಿಕ ದೋಣಿಗಳ ಮೈಗೆ ಕಡುನೀಲಿ, ಚಾಲಕ ನಿಲ್ಲುವ ಕೋಣೆಗೆ ಕಿತ್ತಳೆ ಬಣ್ಣ ಎಂದು ನಿಯಮ ಮಾಡಲಾಗಿದೆ. 2008ರಲ್ಲಿ ಕಡಲ ದಾರಿಯಾಗಿ ಬಂದವರು ಮುಂಬಯಿಯ ಮೇಲೆ ದಾಳಿ ಮಾಡಿದ ಬಳಿಕ, ಯಾವ ದೋಣಿ ಯಾವ ರಾಜ್ಯದ್ದೆಂದು ದೂರದಿಂದಲೇ ತಿಳಿಯಲಿ ಎಂದು ಇಂತಹ ಗುರುತು ಬೇಕಾಯಿತು. ಇಟಲಿಯ ಬುರಾನೊ ಎಂಬ ದ್ವೀಪದಲ್ಲಿ ಒಂದೊಂದು ಮನೆಗೆ ಒಂದೊಂದು ಬಣ್ಣ. ಮಂಜು ಕವಿದಾಗ ಮೀನುಗಾರರಿಗೆ ತಮ್ಮ ಮನೆ ಗುರುತಾಗಲಿ ಎಂದು ಹಾಗೆ ಬಳಿದರಂತೆ.

ದಡದಲ್ಲಿ ಕಿವಿಗೂ ಹಬ್ಬ. ಹರಾಜು ಕೂಗುವಾಗ ಮಲಯಾಳ, ತುಳು, ಬ್ಯಾರಿ, ಕನ್ನಡ ಎಲ್ಲವೂ ಬೆರೆಯುತ್ತವೆ. ತುಳುವಿನ ಬೂತಾಯಿ ಮಲಯಾಳದಲ್ಲಿ ಮತ್ತಿ. ನಮ್ಮ ಬಂಗುಡೆ ಅವರಿಗೆ ಅಯಿಲ. ಸಿಗಡಿಯನ್ನು ತುಳುವರು ಎಟ್ಟಿ ಎನ್ನುತ್ತಾರೆ, ಮಲಯಾಳಿಗಳು ಚೆಮ್ಮೀನ್ ಎನ್ನುತ್ತಾರೆ. ಮೀನು ಮಾರುವ ಹೆಂಗಸರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಪಾಠಪುಸ್ತಕ ಮಾಡುವ ನಮಗೆ ಅಷ್ಟು ಬರುವುದಿಲ್ಲ!

ಮಳೆಗಾಲದಲ್ಲಿ ದಡದ ಚಿತ್ರವೇ ಬೇರೆ. ಮೀನುಗಳು ಮೊಟ್ಟೆಯಿಟ್ಟು ಮರಿಯಾಗಲಿ ಎಂದು ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ನಡುರಾತ್ರಿಯವರೆಗೆ, ಒಟ್ಟು 52 ದಿನ, ಟ್ರಾಲ್ ಬಲೆಯ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಯಂತ್ರ ರಿಪೇರಿಯಾಗುತ್ತದೆ, ಹರಿದ ಬಲೆ ಹೊಲಿಯುತ್ತಾರೆ, ಮಾಸಿದ ದೋಣಿಗೆ ಬಣ್ಣ ಬಳಿಯುತ್ತಾರೆ. ಆ ದಿನಗಳಲ್ಲಿ ದುಡಿಮೆ ಉಂಟು, ಸಂಪಾದನೆ ಇಲ್ಲ. ಚಿತ್ರ ತೆಗೆಯಲು ಬರುವವರಿಗೆ ಇದು ಕಾಣುವುದಿಲ್ಲ.

ಈ ದೋಣಿಗಳು ಮೀನಿಗೆ ಮಾತ್ರವಲ್ಲ. 2018ರ ಆಗಸ್ಟ್ ತಿಂಗಳ ಮಹಾನೆರೆಯಲ್ಲಿ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಚೆಂಗನ್ನೂರು ಮುಂತಾದ ಒಳನಾಡಿನ ಊರುಗಳಿಗೆ ಹೋದರು. ಸಾವಿರಾರು ಜನರನ್ನು ನೀರಿನಿಂದ ಪಾರುಮಾಡಿದರು. ಕಡಲ ಬದಿಯ ಮಗುವನ್ನು 'ಮೀನಿನ ವಾಸನೆ' ಎಂದು ಹಾಸ್ಯ ಮಾಡುವವರು ಇದನ್ನು ನೆನಪಿಡಲಿ.

ನಮ್ಮ ದಡವೂ ಮಾರ್ಸಾಶ್ಲೋಕ್‌ನಂತೆ ಹೆಸರಾಗಲಿ ಎಂದು ಕೆಲವರು ಹೇಳುತ್ತಾರೆ. ಆಗಲಿ. ಆದರೆ ಪ್ರವಾಸಿಗರಿಗಾಗಿ ಅಂಗಡಿ, ಹೋಟೆಲು, ಉದ್ಯಾನ ಎಂದು ಜಾಗ ತುಂಬಿಸಿದರೆ ದೋಣಿ ಎಳೆದಿಡುವುದು ಎಲ್ಲಿ? ಬಲೆ ಒಣಗಿಸುವುದು ಎಲ್ಲಿ? ಮೊದಲು ದೋಣಿಗೆ ಜಾಗ, ಆಮೇಲೆ ಕುಳಿತು ನೋಡುವ ಬೆಂಚಿಗೆ ಜಾಗ ಎಂಬುದು ನನ್ನ ಅಭಿಪ್ರಾಯ. ದೋಣಿ ಇಲ್ಲದ ದಡದಲ್ಲಿ ಕುಳಿತು ನೋಡುವುದಾದರೂ ಏನನ್ನು?

ಇನ್ನು ನೆಂಟರು ಬಂದರೆ ಅವರನ್ನು ದಡಕ್ಕೂ ಕರೆದುಕೊಂಡು ಹೋಗಿರಿ. ಮೀನು ತಿನ್ನದ ಮನೆಯವರೂ ಹೋಗಬಹುದು. ನಾನು ಮೀನು ತಿನ್ನುವವನಲ್ಲ, ಆದರೂ ಹೋಗುತ್ತೇನೆ. ಬೆಳಗ್ಗೆ ಬೇಗ ಹೋಗಬೇಕು, ಬಿಸಿಲೇರಿದರೆ ಹರಾಜು ಮುಗಿದಿರುತ್ತದೆ. ಹಾಸಿದ ಬಲೆಯನ್ನು ತುಳಿಯಬೇಡಿ. ಪ್ಲಾಸ್ಟಿಕ್ ಬಾಟಲಿ ಬಿಟ್ಟು ಬರಬೇಡಿ, ಅದು ನಾಳೆ ಬಲೆಗೆ ಸಿಗುತ್ತದೆ. ಯಾರದಾದರೂ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿರಿ. ಬುಟ್ಟಿಯಲ್ಲಿ ಗುರುತಿಲ್ಲದ ಮೀನು ಕಂಡರೆ ಅದರ ಹೆಸರನ್ನೂ ಕೇಳಿ, ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು ಬನ್ನಿರಿ.